ನಾಯಿಗೆ ತೊಗಲ ಬೆಲ್ಟ ಮನ್ಯಾಗ ಮಾಡೋದು: ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮ ಮೋತ್ಯಾನ ಕೊರಳಾಗಿನ ಬೆಲ್ಟ ನೋಡಿದವರು ಮೊದ್ಲ "ಎಲ್ಲಿ ತಂದ್ರಿ?" ಅಂತಾರ, ಮನ್ಯಾಗ ಮಾಡೇನಿ ಅಂದ್ರ ಆಮ್ಯಾಲ ಶುರು ಆಗ್ತಾವ ನೋಡ್ರಿ ಪ್ರಶ್ನೆ, ಫೋನಿನ್ಯಾಗ, ವಾಟ್ಸಾಪಿನ್ಯಾಗ, ಕೆಲಗೇರಿ ಕೆರಿ ದಂಡಿ ಮ್ಯಾಲ ನಿಂತಕೊಂಡ ಸುದ್ದಾ. ಹೇಳಿದ್ದನ್ನ ಹೇಳಿ ಬಾಯಿ ನೋಯಾಕತ್ತು, ಅದಕ್ಕ ಎಲ್ಲಾ ಒಂದ ಕಡೆ ಬರದ ಇಟ್ಟೇನಿ. ನಂದು ಇದು ಮನಿತನದ ಕಸುಬಲ್ಲ, ನೌಕರಿ ಬ್ಯಾರೆ ಐತಿ, ಐತ್ವಾರಕ್ಕೊಮ್ಮೆ ಕೂಡ್ತೀನಿ ಅಷ್ಟ. ಕಲಿಸಿದವರು ಧಾರವಾಡದಾಗ ಚಪ್ಪಲಿ ಹೊಲಿಯೋ ಒಬ್ರು ಕಾಕಾ. ಅವರ ಎದುರಿಗೆ ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡ ಕೂತು ಆರ ತಿಂಗಳ ಬೈಸಿಕೊಂಡೇನಿ.

ನಾ ಜನ್ಮದಾಗ ಸೂಜಿ ಹಿಡದಿಲ್ರಿ, ನನ್ನ ಕಡೆ ಆಗ್ತೈತೇನು?

ಆಗ್ತೈತಿ. ತೊಗಲಿನ ಕೆಲಸದಾಗ ಇದರಷ್ಟ ಸಸಾರದ್ದು ಮತ್ತೊಂದಿಲ್ಲ. ಒಂದು ಪಟ್ಟಿ, ಒಂದು ಬಕಲ್, ಹಗ್ಗದ ಕೊಂಡಿ ಹಾಕಾಕ ಇಂಗ್ಲಿಷ್ ಡಿ ಅಕ್ಷರದಂಥಾ ಒಂದು ರಿಂಗ್, ಅದಕ್ಕ ಡಿ ರಿಂಗ್ ಅಂತಾರ, ಮುಗೀತು. ಆದ್ರ ಒಂದ ಮಾತು ತಲ್ಯಾಗ ಇಟ್ಕೋರಿ, ಚೀಲದ ಹೊಲಿಗಿ ಬಿಚ್ಚಿದ್ರ ಉಳ್ಳಾಗಡ್ಡಿ ಬೀಳ್ತಾವ, ಬೆಲ್ಟಿನ ಹೊಲಿಗಿ ಬಿಚ್ಚಿದ್ರ ನಾಯಿ ಸೀದಾ ಬೈಪಾಸ್ ರೋಡಿಗೆ ಓಡ್ತೈತಿ. ಬಕಲ್ ಹಾಕಿ ಮಡಚ್ತೀವಲ್ಲ, ಆ ಮೂರ ಇಂಚಿನ್ಯಾಗ ಎಲ್ಲಾ ಭಾರ ಬೀಳೋದು. ಉಳಿದದ್ದು ವಾರೆ ಆದ್ರೂ ನಡೀತೈತಿ, ಬಣ್ಣ ಕೆಟ್ರೂ ನಡೀತೈತಿ, ಆ ಮೂರ ಇಂಚು ಕೆಟ್ರ ಬೆಲ್ಟ ಒಗದಬಿಡ್ರಿ.

ಎಂಥಾ ತೊಗಲು ತಗೋಬೇಕು?

ವೆಜ್ ಟ್ಯಾನ್ ತೊಗಲು. ನಮ್ಮ ಅಕ್ಕ ಇದನ್ನ ಕೇಳಿ "ತೊಗಲಿನ್ಯಾಗೂ ವೆಜ್ ಬಂತನೋ?" ಅಂತ ನಕ್ಕಿದ್ಲು. ತೊಗಲು ದನದ್ದ, ನಮ್ಮ ಕಡೆ ದಪ್ಪ ತೊಗಲಂದ್ರ ಬಹುತೇಕ ಎಮ್ಮಿ ಕ್ವಾಣದ್ದು, ಹದ ಮಾಡಿದ್ದು ಮಾತ್ರ ಗಿಡದ ಸಾಮಾನಿಲೆ. ಜಾಲಿ ತೊಗಟಿ, ತಂಗಡಿ ತೊಗಟಿ, ಅಳಲೆಕಾಯಿ ಇವುಗಳ ನೀರಾಗ ವಾರಗಟ್ಟಲೆ ನೆನಸಿ ಮಾಡ್ತಾರ. ಕೊಲ್ಹಾಪುರಿ ಚಪ್ಪಲಿ ತೊಗಲು ಹಿಂಗ ಹದ ಆಗೋದು. ಆ ಚಪ್ಪಲಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಇಂಥಾ ಕಡೆದ್ದ ಮಾಲು ಅನ್ನೋ ಸರಕಾರಿ ಗುರ್ತು, ಸಿಕ್ಕಾಗ ಮಹಾರಾಷ್ಟ್ರದ ನಾಕು ಜಿಲ್ಲಾ, ನಮ್ಮ ಕಡೆದು ನಾಕು ಜಿಲ್ಲಾ ಸೇರ್ಸಿದ್ರು, ಬೆಳಗಾವಿ, ಬಾಗಲಕೋಟಿ, ವಿಜಯಪುರದ ಜೋಡಿ ಧಾರವಾಡನೂ ಅದರಾಗ ಐತಿ. ಭಾಳ ಮಂದಿಗೆ ಇದು ಗೊತ್ತಿಲ್ಲ.

ಇನ್ನೊಂದು ಕ್ರೋಮ್ ತೊಗಲು, ಕೆಮಿಕಲ್‌ನ್ಯಾಗ ಲಗೂನ ಹದ ಆಗ್ತೈತಿ, ಮೆತ್ತಗಿರ್ತೈತಿ, ಬೂಟು ಜಾಕೀಟಿಗೆ ಛಲೋ. ಬೆಲ್ಟಿಗೆ ಯಾಕ ಬ್ಯಾಡಂದ್ರ ಎಳದಂಗ ಉದ್ದಾಗ್ತೈತಿ, ಅಂಚು ತಿಕ್ಕಿದ್ರ ಹೊಳಪು ಬರಂಗಿಲ್ಲ, ಮಡಚಿದ ಕಡೆ ಕೂಡಂಗಿಲ್ಲ. ಗುರ್ತು ಹಿಡಿಯೋದು ಸಸಾರ ಐತಿ. ಕತ್ತರಿಸಿದ ಅಂಚು ನೋಡ್ರಿ, ವೆಜ್ ಟ್ಯಾನ್ ಆಗಿದ್ರ ಮ್ಯಾಲಿಂದ ಕೆಳಗಿನ ತನಕ ಬೆಲ್ಲದ ಬಣ್ಣ, ಕ್ರೋಮ್ ಆದ್ರ ಭಾಳ ಸಲ ನಡುವ ಬೂದಿ ನೀಲಿ ಗೆರಿ ಕಾಣ್ತೈತಿ. ಮತ್ತ ಬಣ್ಣ ಹಚ್ಚಲಾರದ ವೆಜ್ ಟ್ಯಾನ್ ಮ್ಯಾಲ ಒಂದ ಹನಿ ನೀರ ಬಿಟ್ರ ಹೀರ್ಕೊಂಡು ಅಷ್ಟ ಜಾಗ ಕಪ್ಪಗಾಗ್ತೈತಿ.

ದಪ್ಪ, ಅಗಲ ಎಷ್ಟ ಇರಬೇಕು?

ಮೋತ್ಯಾನಂಥಾ ನಡು ಸೈಜಿನ ನಾಯಿಗೆ 3ರಿಂದ 3.5 ಮಿಮೀ ದಪ್ಪ, 1 ಇಂಚು ಅಗಲ. ಪಮೇರಿಯನ್ನಂಥಾ ಸಣ್ಣವಕ್ಕ 2 ಮಿಮೀ, ಅರ್ಧದಿಂದ ಮುಕ್ಕಾಲ ಇಂಚು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗೆ 3.5ರಿಂದ 4 ಮಿಮೀ, ಅಗಲ ಸವ್ವಾ ಇಂಚಿಂದ ದೀಡ ಇಂಚು. ಆನ್‌ಲೈನ್‌ನ್ಯಾಗ ಮಿಮೀ ಬಿಟ್ಟು ಔನ್ಸ್ ಅಂತ ಬರದಿರ್ತಾರ, ಅದು ತೂಕ ಅಂತ ತಿಳ್ಕೋಬ್ಯಾಡ್ರಿ, 1 ಔನ್ಸ್ ಅಂದ್ರ ಸುಮಾರು 0.4 ಮಿಮೀ ದಪ್ಪ. 8 ಔನ್ಸ್ ಅಂದ್ರ 3.2 ಮಿಮೀ.

ಎಷ್ಟ ತೊಗಲು ತರಬೇಕು, ಎಲ್ಲಿ ಸಿಗ್ತೈತಿ?

ತೊಗಲು ಸ್ಕ್ವೇರ್ ಫೂಟ್ ಲೆಕ್ಕದಾಗ ಮಾರ್ತಾರ. 24 ಇಂಚು ಉದ್ದ, 1 ಇಂಚು ಅಗಲದ ಪಟ್ಟಿ ಅಂದ್ರ 24 ಚದರ ಇಂಚು, ಒಂದು ಸ್ಕ್ವೇರ್ ಫೂಟಿಗೆ 144, ಲೆಕ್ಕದ ಪ್ರಕಾರ ಆರು ಬೆಲ್ಟ ಬರಬೇಕು. ಆದ್ರ 12 ಇಂಚು ಬೈ 12 ಇಂಚು ತುಣುಕು ತಂದ್ರ ಒಂದೂ ಬರಂಗಿಲ್ಲ, ಉದ್ದನ ಸಾಲೂದಿಲ್ಲ! ನಾನೂ ಮೊದ್ಲ ಹಂಗ ತಂದು ಮಾರಿ ಕೆಡಿಸ್ಕೊಂಡ ಕೂತಿದ್ದೆ, ಕಡೀಕ ಕೀ ಚೈನ್ ಮಾಡ್ದೆ. ಉದ್ದಂದು ಕೇಳ್ರಿ, ಬೆನ್ನಿನ ಭಾಗದ್ದು ಕೇಳ್ರಿ, ಹೊಟ್ಟಿ ಭಾಗದ್ದು ಸಡ್ಲ ಇರ್ತೈತಿ, ಎಳದ್ರ ಜೋಲು ಬೀಳ್ತೈತಿ.

ಹುಬ್ಬಳ್ಳಿ ಧಾರವಾಡದಾಗ ಚಪ್ಪಲಿ ಸಾಮಾನು ಮಾರೋ ಅಂಗಡಿ ಅದಾವ, ನಿಮ್ಮ ಓಣ್ಯಾಗ ಚಪ್ಪಲಿ ಹೊಲಿಯೋರನ್ನ ಕೇಳ್ರಿ, ಅವರು ಎಲ್ಲಿಂದ ತರ್ತಾರ ಅಲ್ಲಿಗೇ ಹೋಗ್ರಿ. ಬರೇ ಬಾಯಿಲೆ ಕೇಳಬ್ಯಾಡ್ರಿ, ಮೊದ್ಲ ಒಂದ ಚಪ್ಪಲಿ ಹೊಲಿಸ್ಕೊಂಡು ಚಹಾ ತರಿಸಿ ಮಾತಾಡ್ರಿ. ಅಲ್ಲಿ ಸಿಗಲಿಲ್ಲಂದ್ರ ಕಾನ್ಪುರದ ಮಾಲು ಆನ್‌ಲೈನ್‌ನ್ಯಾಗ ಬರ್ತೈತಿ, ಕುದರಿ ಜೀನು ಲಗಾಮಿನ ತೊಗಲಿಗೆ ಆ ಊರು ಹೆಸರುವಾಸಿ, ನಮಗ ಬೇಕಾದ ದಪ್ಪನೂ ಅದ.

ನಮ್ಮ ಅಪ್ಪಾರ ಹಳೇ ಪ್ಯಾಂಟಿನ ಬೆಲ್ಟ ಕತ್ತರಿಸಿ ಮಾಡಬಹುದಾ?

ಕೈ ಪಳಗಿಸ್ಕೊಳ್ಳಾಕ ಅಡ್ಡಿಯಿಲ್ಲ, ಅಪ್ಪಾರನ್ನ ಕೇಳಿ ಕತ್ತರಿಸ್ರಿ. ಆದ್ರ ಕತ್ತರಿಸಿದ ಅಂಚು ನೋಡ್ರಿ, ನಡುವ ರಟ್ಟಿನಂಥಾದ್ದು ಇದ್ದು ಮ್ಯಾಲ ಕೆಳಗ ತೆಳ್ಳನ್ನ ಹಾಳಿ ಅಂಟಿಸಿದ್ರ ಅದು ನಾಯಿಗೆ ಬ್ಯಾಡ.

ಹತ್ಯಾರ ಏನೇನ ಬೇಕು? ಭಾಳ ಖರ್ಚು ಅದ ಅಂತಾರಲ್ಲ?

ಆನ್‌ಲೈನ್‌ನ್ಯಾಗ ಮೂವತ್ತ ನಾಲ್ವತ್ತ ಪೀಸಿನ ಕಿಟ್ ಮಾರ್ತಾರ, ಅದರಾಗ ಅರ್ಧ ನಿಮ್ಮ ಡಬ್ಬ್ಯಾಗ ತುಕ್ಕು ಹಿಡೀತಾವ. ನನಗ ಬೇಕಾದದ್ದು: ಬ್ಲೇಡ್ ಬದಲಿಸೋ ಗಟ್ಟಿ ಕಟರ್, ಸ್ಟೀಲ್ ಸ್ಕೇಲ್, ದುಂಡ ತೂತಿನ ಪಂಚ್ 4 ಮತ್ತ 5 ಮಿಮೀದು, ಹೊಲಿಗಿ ತೂತಿಗೆ ಒಂದ ದಬ್ಬಣ, ಮೊಂಡ ತುದಿ ಸೂಜಿ ಎರಡು, 1 ಮಿಮೀ ಮೇಣದ ದಾರ, ಕಟಗಿ ಸುತಗಿ. ಕಬ್ಬಿಣದ ಸುತಗಿಲೆ ಪಂಚ್ ಬಡದ್ರ ಪಂಚಿನ ತಲಿ ಒಡೀತೈತಿ. ಹೊಲಿಗಿ ಗುರ್ತು ಹಾಕಾಕ ಅಡಿಗಿ ಮನಿ ಫೋರ್ಕ್ ಸಾಕು, ಗೆರಿ ಗುಂಟ ಒತ್ತಕೋತ ಹೋದ್ರ ನಾಕ ನಾಕ ಚುಕ್ಕಿ ಸಮಾ ಬೀಳ್ತಾವ.

ಕಾಕಾನ ಕಡೆ ರಂಪಿಗಿ ಐತಿ, ಅವರಪ್ಪಂದು, ಅಲಗು ಸವದು ಸವದು ಅರ್ಧ ಆಗೇತಿ. ಅದರಿಂದ ಅವರು 4 ಮಿಮೀ ತೊಗಲು ಸೌತಿಕಾಯಿ ಹೆಚ್ಚಿದಂಗ ಕೊಯ್ತಾರ. ನಾ ಒಮ್ಮೆ ಹಿಡ್ಯಾಕ ಹೋಗಿ ಬಟ್ಟು ಕೊಯ್ಕೊಂಡೆ, ಕಟರ್‌ಗೇ ವಾಪಸ್ ಬಂದೆ. ಕಟರಿಂದ ಒಂದ ಏಟಿಗೆ ಕತ್ತರಿಸಾಕ ಹೋಗಬ್ಯಾಡ್ರಿ, ಸ್ಕೇಲ್ ಗಟ್ಟಿ ಒತ್ತಿ ಹಿಡಕೊಂಡು ಹಗೂರಕ ನಾಕೈದ ಸಲ ಎಳೀರಿ, ಬ್ಲೇಡ್ ಮೊಂಡ ಅನ್ನಿಸಿದ ಕೂಡ್ಲೆ ತುದಿ ಮುರದ ಒಗೀರಿ.

ಅಳತಿ ಹ್ಯಾಂಗ ತಗೊಳ್ಳೋದು? ನನ್ನ ಬೆಲ್ಟ ಪ್ರತಿ ಸಲ ಸಣ್ಣದಾಗ್ತೈತಿ.

ಎಲ್ಲಾರಿಗೂ ಆಗ್ತೈತಿ, ನನ್ನ ಮೊದಲನೇದು ಎರಡ ಇಂಚು ಕಡಿಮಿ ಬಂದು ಓಣಿ ಬೆಕ್ಕಿಗೆ ಸರಿ ಹೊಂದೋಹಂಗ ಆಗಿತ್ತು. ತಪ್ಪು ಎರಡ ಕಡೆ ಆಗ್ತೈತಿ. ಒಂದು, ಪಟ್ಟಿ ತುದಿಯಿಂದ ಅಳೀತೀವಿ, ಅಳಿಬೇಕಾದ್ದು ಮಡಚಿದ ಜಾಗದಿಂದ, ಅಂದ್ರ ಬಕಲ್ ಕೂಡೋ ಜಾಗದಿಂದ ನಡುವಿನ ತೂತಿನ ತನಕ. ಎರಡು, ತೊಗಲಿಗೆ ದಪ್ಪ ಇರ್ತೈತಿ ಅನ್ನೋದನ್ನ ಮರೀತೀವಿ. ಟೇಪ್ ತೆಳ್ಳಗ, ಬೆಲ್ಟ ದಪ್ಪ, ದುಂಡಗ ಸುತ್ತಿದಾಗ ಒಳಮೈ ಸಣ್ಣದಾಗ್ತೈತಿ. 3.5 ಮಿಮೀ ತೊಗಲಿಗೆ ಹತ್ತಿರಹತ್ತಿರ ಅರ್ಧ ಇಂಚು ತಿಂತೈತಿ.

ಮೋತ್ಯಾಂದು ಲೆಕ್ಕ ಹೇಳ್ತೀನಿ, ನಿಮ್ಮ ನಾಯಿ ನಂಬರ್ ಹಾಕ್ಕೊಂಡ ಮಾಡ್ರಿ. ಬೆಲ್ಟ ಕೂಡೋ ಜಾಗದಾಗ, ಟೇಪಿನ ಒಳಗ ಎರಡ ಬೆರಳು ಇಟ್ಟು ಅಳದ್ರ 15.5 ಇಂಚು ಬಂತು, ದಪ್ಪಕ್ಕ ಅರ್ಧ ಸೇರ್ಸಿ 16. ಮಡಚಿದ ಜಾಗದಿಂದ 16ನೇ ಇಂಚಿಗೆ ನಡುವಿನ ತೂತು. ಅದರ ಆಚೀಚೆ ಒಂದೊಂದ ಇಂಚಿಗೆ ಎರಡೆರಡು, ಅಂದ್ರ 14, 15, 16, 17, 18, ಒಟ್ಟ ಐದ ತೂತು. ಕಡೇ ತೂತಿನ ಆಚೆ 3 ಇಂಚು ಬಾಲ, ಬಕಲ್ ಕಡೆ ಮಡಚಾಕ 3 ಇಂಚು. 3, 18, 3, ಕೂಡಿದ್ರ 24. ನಡುವಿನ ತೂತಿಗೇ ಬೆಲ್ಟ ಕೂಡಬೇಕು, ಚಳಿಗಾಲದಾಗ ಕೂದಲ ದಟ್ಟಾದ್ರ ಒಂದ ತೂತು ಆಚೆ, ಬ್ಯಾಸಗ್ಯಾಗ ಸೊರಗಿದ್ರ ಒಂದು ಈಚೆ.

ಕತ್ತರಿಸೋ ಮೊದ್ಲ ಹಳೇ ಸೀರಿ ಅಂಚೋ, ರಟ್ಟಿನ ಪಟ್ಟಿನೋ ಇದ ಅಳತಿಗೆ ಮಾಡಿ ನಾಯಿ ಕೊರಳಿಗೆ ಹಾಕಿ ನೋಡ್ರಿ. ತೊಗಲು ಮತ್ತ ಬೆಳ್ಯಾಂಗಿಲ್ಲ.

ನಂದು ಮುಧೋಳ ನಾಯಿ, ಯಾವ ಬೆಲ್ಟ ಹಾಕಿದ್ರೂ ತಲಿ ಮ್ಯಾಲಿಂದ ಕಳಚ್ತೈತಿ?

ಬೆಲ್ಟಿಂದು ತಪ್ಪಲ್ರಿ, ನಾಯಿ ಇರೋದ ಹಂಗ. ಮುಧೋಳ ನಾಯಿ ಕಣ್ಣಿಲೆ ಬ್ಯಾಟಿ ಹಿಡಿಯೋ, ಓಡೋ ತಳಿ. ತಲಿ ಉದ್ದ, ತೆಳ್ಳಗ, ಕೊರಳಿನಷ್ಟ ಅಗಲನೂ ಇರಂಗಿಲ್ಲ, ಮಾಮೂಲಿ ಬೆಲ್ಟ ಹಾಕಿದ್ರ ಹಿಂದ ಒಂದ ಹೆಜ್ಜಿ ಇಟ್ಟು ತಲಿ ಜಗ್ಗಿದ್ರ ಮುಗೀತು, ನಿಮ್ಮ ಕೈಯಾಗ ಬೆಲ್ಟ ಉಳೀತೈತಿ. ಅದಕ್ಕಂತ ಬಿಗದ ಕಟ್ಟಿದ್ರ ಆ ಉದ್ದ ಕೊರಳಿಗೆ ತೆಳ್ಳನ್ನ ಪಟ್ಟಿ ಕೊಯ್ದಂಗ ಆಗ್ತೈತಿ. 2005ರಾಗ ಅಂಚೆ ಇಲಾಖೆಯವರು ಭಾರತದ ನಾಕು ನಾಯಿ ತಳಿಗೆ ಸ್ಟ್ಯಾಂಪ್ ತಂದಿದ್ರು, ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿ ಕಾಯೋ ನಾಯಿ ಜೋಡಿ ನಮ್ಮ ಮುಧೋಳದ್ದೂ ಇತ್ತು. ಸ್ಟ್ಯಾಂಪ್ ಬಂತು, ಆದ್ರ ಅಂಗಡ್ಯಾಗ ಅದರ ಕೊರಳಿಗೆ ತಕ್ಕ ಬೆಲ್ಟ ಹುಡಕಿದ್ರೂ ಸಿಗೂದಿಲ್ಲ, ಇದೊಂದ ಸಿಟ್ಟು ನಂದು.

ಉಪಾಯ ಎರಡು. ಮೊದಲನೇದು ಅಗಲ ಬೆಲ್ಟ, ಕೊರಳ ಮ್ಯಾಲ ದೀಡ ಇಂಚಿಂದ ಎರಡ ಇಂಚು, ಬಕಲ್ ಕಡೆ ಎರಡೂ ತುದಿ ಸಣ್ಣಾಗಿ ಮುಕ್ಕಾಲ ಇಂಚಿಗೆ ಇಳೀತೈತಿ, ಒಳಗ ಮೆತ್ತನ್ನ ಕುರಿ ತೊಗಲು ಅಂಟಿಸಿ ಹೊಲೀಬೇಕು. ಎರಡನೇದು ಮಾರ್ಟಿಂಗೇಲ್ ಅಂತಾರ, ಅಗಲ ಪಟ್ಟಿ ಎರಡೂ ತುದಿಗೆ ಒಂದೊಂದು ರಿಂಗ್, ಆ ಎರಡೂ ರಿಂಗಿನ ಒಳಗ ಹಾದು ಹೋಗೋ ಸಣ್ಣ ಸರಪಳಿ ಇಲ್ಲಾ ಪಟ್ಟಿ ಕುಣಿಕಿ, ಹಗ್ಗ ಆ ಕುಣಿಕಿಗೆ. ನಾಯಿ ಜಗ್ಗಿದಾಗ ಒಂದಷ್ಟು ಬಿಗೀತೈತಿ, ಬಿಟ್ಟಾಗ ಸಡ್ಲಾಗ್ತೈತಿ. ಪೂರ್ತಿ ಬಿಗದಾಗ ಎರಡೂ ರಿಂಗ್ ಒಂದಕ್ಕೊಂದು ತಾಕೋದಕ್ಕೂ ಮೊದ್ಲ ಕೊರಳಿಗೆ ಕೂಡಬೇಕು, ಕುತ್ತಿಗಿ ಹಿಚಕಬಾರದು, ಆ ಅಳತಿ ತಪ್ಪಿಸಬ್ಯಾಡ್ರಿ. ಹೊಸಬರು ಮೊದ್ಲ ಸಾದಾ ಬೆಲ್ಟ ನಾಕೈದು ಮಾಡಿ ಆಮ್ಯಾಲ ಇದಕ್ಕ ಕೈ ಹಾಕ್ರಿ.

ಬಕಲ್, ರಿಂಗ್ ಎಂಥಾವು ತರಬೇಕು?

ಗಟ್ಟಿ ಹಿತ್ತಾಳಿ ಇಲ್ಲಾ ಸ್ಟೇನ್‌ಲೆಸ್ ಸ್ಟೀಲ್. ಅಂಗಡ್ಯಾಗ ಹಿತ್ತಾಳಿ ಬಣ್ಣದ್ದೆಲ್ಲ ಹಿತ್ತಾಳಿ ಅಲ್ಲ, ಒಳಗ ಸತುವಿನ ಎರಕ ಇದ್ದು ಮ್ಯಾಲ ಬಣ್ಣ ಏರ್ಸಿರ್ತಾರ, ಅದು ಬಗ್ಗಂಗಿಲ್ಲ, ಚಟ್ಟಂತ ಮುರೀತೈತಿ. ಮ್ಯಾಗ್ನೆಟ್ ಹಚ್ಚಿ ನೋಡ್ರಿ ಅಂತ ಕೆಲವರು ಹೇಳ್ತಾರ, ಅದು ಕಬ್ಬಿಣ ಅಷ್ಟ ಹಿಡೀತೈತಿ, ಸತು ಹಿತ್ತಾಳಿ ಎರಡಕ್ಕೂ ಮ್ಯಾಗ್ನೆಟ್ ಅಂಟಂಗಿಲ್ಲ. ಕಾಣದ ಮೂಲ್ಯಾಗ ಅರದಿಂದ ಒಂದ ಗೀರು ಎಳೀರಿ, ಒಳಗೂ ಹಳದಿ ಇದ್ರ ಹಿತ್ತಾಳಿ, ಬೆಳ್ಳಗ ಕಂಡ್ರ ವಾಪಸ್ ಕೊಡ್ರಿ.

ಡಿ ರಿಂಗ್ ಕೂಡಿದ ಜಾಗ ಬೆಸಿಗಿ ಹಾಕಿರಬೇಕು. ಇದನ್ನ ಪೈಲಾ ಯಾರೂ ನನಗ ಹೇಳಿರಲಿಲ್ಲ. ಕೆರಿ ದಂಡಿ ಮ್ಯಾಲ ಮೋತ್ಯಾ ಒಂದ ಹಂದಿ ನೋಡಿ ಜಗ್ಗಿದ, ನನ್ನ ಕೈಯಾಗಿನ ಹಗ್ಗ ಸಡ್ಲಾತು. ನೋಡ್ತೀನಿ, ಹಗ್ಗದ ಕೊಂಡಿ ಹಂಗ ಐತಿ, ಬೆಲ್ಟ ನಾಯಿ ಕೊರಳಾಗ ಹಂಗ ಐತಿ, ನಡುವಿನ ಡಿ ರಿಂಗ್ ಬಾಯಿ ತಕ್ಕೊಂಡು ಸಿ ಆಗೇತಿ! ಹಂದಿ ಮುಂದ, ಮೋತ್ಯಾ ಹಿಂದ, ನಾ ಅವರಿಬ್ಬರ ಹಿಂದ.

ಮಡಚಿದ ಕಡೆ ರಿವಿಟ್ ಬಡದ್ರ ಸಾಕಾ, ಹೊಲೀಲೇಬೇಕಾ?

ತಾಮ್ರದ ರಿವಿಟ್, ವಾಷರ್ ಕೂಡ್ಸಿ ಬಡಿಯೋ ಜಾತಿದು, ಆದ್ರ ಸಾಕು. ಎರಡೂ ಕಡೆ ಗುಂಡಿಯಂಗ ಕಾಣೋ ಟೋಪಿ ರಿವಿಟ್ ಬರೇ ಚೀಲಕ್ಕ ಛಲೋ, ಜಗ್ಗೋ ನಾಯಿಗೆ ಬ್ಯಾಡ. ನಾ ಹೊಲೀತೀನಿ, ಒಂದ ರಿವಿಟ್ ಜೋಡಿ ಬಡೀತೀನಿ.

ಮೊದ್ಲ ಮಡಚೋದು ಕೇಳ್ರಿ. ಬಕಲಿನ ಕಡ್ಡಿ ಹಾಯಾಕ ಮಡಚೋ ಗೆರಿ ನಡುವ 1 ಇಂಚು ಉದ್ದದ ಸೀಳು ಬೇಕು, ಬರೇ ಬ್ಲೇಡಿಂದ ಸೀಳಿದ್ರ ಮೂಲಿಯಿಂದ ಹರ್ಕೋತ ಹೋಗ್ತೈತಿ, ಎರಡೂ ತುದಿಗೆ ಪಂಚಿಂದ ದುಂಡ ತೂತು ಹಾಕಿ ನಡುವಿಂದು ಕತ್ತರಿಸಿ ತಗೀರಿ. ಒಳಗ ಹೋಗೋ ತುದಿನ್ನ ಹಿಂಭಾಗದಿಂದ ಹೆರದು ಅರ್ಧ ದಪ್ಪ ಮಾಡ್ರಿ, ಮಡಚೋ ಗೆರಿ ಹತ್ರ ಮಾತ್ರ ಭಾಳ ಹೆರೀಬ್ಯಾಡ್ರಿ, ಅಲ್ಲೇ ಬಕಲ್ ಜಗ್ಗೋದು. ನೀರ ಹಚ್ಚಿ ಮಡಚ್ರಿ, ಒಣಾ ಮಡಚಿದ್ರ ಮೇಲ್ಮೈ ಬಿರೀತೈತಿ. ಒಣಗಿದ ಮ್ಯಾಲ ಎರಡೂ ಕಡೆ ಎಸ್‌ಆರ್ ಫೆವಿಕಾಲ್ ತೆಳ್ಳಗ ಹಚ್ಚಿ, ಅಂಟಂಟು ಆರೋ ತನಕ ಬಿಟ್ಟು ಒತ್ರಿ. ಬಕಲ್, ಹೊಲಿಗಿ, ಬಾಲ ಸೇರ್ಸೋ ಲೂಪ್, ಹೊಲಿಗಿ, ಡಿ ರಿಂಗ್, ಮತ್ತ ಹೊಲಿಗಿ, ಈ ಸಾಲಿನ್ಯಾಗ.

ಹೊಲಿಗಿಗೆ ದಾರ ಹೊಲಿಯೋ ಉದ್ದದ ನಾಕರಷ್ಟು, ಮ್ಯಾಲ ಒಂದ ಗೇಣು. ಎರಡೂ ತುದಿಗೆ ಒಂದೊಂದ ಸೂಜಿ. ಮೊದಲನೇ ತೂತಿನ್ಯಾಗ ದಾರ ಹಾಯ್ಸಿ ಎರಡೂ ಕಡೆ ಸಮಾ ಮಾಡ್ಕೋರಿ, ಆಮ್ಯಾಲ ಪ್ರತಿ ತೂತಿಗೆ ಎಡಗಡೆ ಸೂಜಿ ಬಲಕ್ಕ, ಬಲಗಡೆದು ಎಡಕ್ಕ, ಎರಡೂ ಅದ ತೂತಿನ್ಯಾಗಿಂದ. ಎರಡನೇ ಸೂಜಿ ಹಾಯೋವಾಗ ಮೊದಲಿನ ದಾರಕ್ಕ ಚುಚ್ಚಬಾರದು. ಎರಡೂ ಕೈಲೆ ಒಮ್ಮೆಲೆ ಜಗ್ಗ್ರಿ, ಪ್ರತಿ ಸಲ ಅಷ್ಟ ಜೋರು. ಕಡೀಕ ಮೂರ ತೂತು ಹಿಂದಕ್ಕ ಹೊಲದು ಬಂದು ದಾರ ಕತ್ತರಿಸಿ, ಪಾಲಿಯೆಸ್ಟರ್ ಆಗಿದ್ರ ತುದಿ ಲೈಟರಿಂದ ಸುಟ್ಟು ಒತ್ರಿ. ಮಿಶಿನ್ ಹೊಲಿಗ್ಯಾಗ ಒಂದ ಕಡೆ ದಾರ ಹರದ್ರ ಸಾಲ ಬಿಚ್ಕೋತ ಹೋಗ್ತೈತಿ, ಇದರಾಗ ಒಂದ ದಾರ ಹರದ್ರೂ ಇನ್ನೊಂದು ಹಿಡದಿರ್ತೈತಿ. ಕಾಕಾ ನನ್ನ ಮೊದಲನೇ ಹೊಲಿಗಿ ನೋಡಿ "ಇದೇನ ಹೊಲಿಗಿನೋ, ಇರಬಿ ಸಾಲೋ?" ಅಂದಿದ್ರು.

ಅಂಚು ಹೊಳಪು ಹ್ಯಾಂಗ ಬರ್ತೈತಿ?

ಮೂಲಿ ಹೆರದು, 400 ನಂಬರ್ ಸ್ಯಾಂಡ್ ಪೇಪರ್ ತಿಕ್ಕಿ, ನೀರ ಹಚ್ಚಿ, ಖಾದಿ ಬಟ್ಟಿಲೆ ಜೋರ ತಿಕ್ರಿ. ಕೈ ಬಿಸಿ ಆಗಬೇಕು, ಆಮ್ಯಾಲ ಜೇನುಮೇಣ ಹಚ್ಚಿ ಇನ್ನೊಮ್ಮೆ.

ಬಣ್ಣ ಹಚ್ಚೋದ್ಹ್ಯಾಂಗ? ನಾಯಿ ಕೊರಳಿಗೆ ಬಣ್ಣ ಹತ್ತಿದ್ರ?

ಅಂಗಡಿ ಬಣ್ಣ ಹಚ್ಚಿದ್ರ ಒಣಗಿದ ಮ್ಯಾಲ ಬಿಳೀ ಬಟ್ಟಿಲೆ ತಿಕ್ಕಿ ಬಣ್ಣ ಬರೋದು ನಿಂದರೋ ತನಕ ಒರಸ್ರಿ, ಬಿಳೀ ನಾಯಿ ಇದ್ದವರು ಬಣ್ಣದ ಗ್ವಾಡವಿಗೇ ಹೋಗಬ್ಯಾಡ್ರಿ, ಎಣ್ಣಿ ಹಚ್ಚಿ ಬಿಸಲಿಗೆ ಒಂದಿಷ್ಟು ತೋರ್ಸಿದ್ರ ತಾನ ಚಂದ ಜೇನಬಣ್ಣ ಬರ್ತೈತಿ.

ಕರೀ ಬೆಲ್ಟ ಬೇಕಂದ್ರ ಬಣ್ಣ ಕೊಳ್ಳೋದ ಬ್ಯಾಡ. ತುಕ್ಕಹಿಡದ ಮೊಳಿ, ಎಣ್ಣಿ ಇಲ್ಲದ ಸ್ಟೀಲ್ ವೂಲ್ ಒಂದ ಬಾಟ್ಲಿ ವಿನೆಗರ್‌ನ್ಯಾಗ ಹಾಕಿ ಒಂದೆರಡ ವಾರ ಇಡ್ರಿ, ಮುಚ್ಚಳ ಬಿಗೀಬ್ಯಾಡ್ರಿ, ಗ್ಯಾಸ್ ಬರ್ತೈತಿ. ಸೋಸಿ ವೆಜ್ ಟ್ಯಾನ್ ತೊಗಲಿಗೆ ಹಚ್ರಿ, ಕಣ್ಣ ಮುಂದ ಕರ್ರಗಾಗ್ತೈತಿ. ಬಣ್ಣ ಹಚ್ಚಿದ್ದಲ್ಲ, ತೊಗಲಿನ್ಯಾಗಿನ ತೊಗಟಿ ರಸ ಕಬ್ಬಿಣದ ಜೋಡಿ ಕೂಡಿ ಆಗೋ ಕಪ್ಪು, ಹಿಂದಕ ಅಳಲೆಕಾಯಿ ಕಬ್ಬಿಣ ಕೂಡ್ಸಿ ಮಸಿ ಮಾಡ್ತಿದ್ರಲ್ಲ, ಅದ ಆಟ. ಆಮ್ಯಾಲ ಅಡಿಗಿ ಸೋಡಾ ಕಲಸಿದ ನೀರಾಗ ತೊಳದು, ಒಣಗಿಸಿ, ಎಣ್ಣಿ ಹಚ್ರಿ. ಕೈಗೆ ಹತ್ತೋದು ಭಾಳ ಕಡಿಮಿ.

ಇದ ಕಾರಣಕ್ಕ, ತೊಗಲು ಹಸೀ ಇದ್ದಾಗ ಕಬ್ಬಿಣದ ಪುಡಿ, ತುಕ್ಕ ಕತ್ತರಿ ತಾಕಿದ್ರ ಕರೀ ಕಲಿ ಬೀಳ್ತಾವ. ಲಿಂಬಿಹಣ್ಣಿನ ರಸ ಹಚ್ಚಿದ್ರ ಹೊಸಾ ಕಲಿ ಸ್ವಲ್ಪ ತಿಳಿ ಆಗ್ತಾವ.

ಎಣ್ಣಿ ಯಾವುದು? ಮಳಿಗಾಲದಾಗ ಬೂಸ್ಟ ಹಿಡೀತೈತಲ್ಲ?

ದನದ ಕಾಲಿನ ಎಲುಬಿಂದ ತಗಿಯೋ ನೀಟ್ಸ್‌ಫುಟ್ ಎಣ್ಣಿ ಸಿಕ್ರ ಛಲೋ, ಇಲ್ಲಾಂದ್ರ ಔಡಲೆಣ್ಣಿ ನಾಕ ಹನಿ ಬಟ್ಟಿಗೆ ಹಾಕಿ ಒರಸ್ರಿ. ಶೇಂಗಾ ಎಣ್ಣಿ ಬ್ಯಾಡ, ವಾಸನಿ ಹಿಡೀತೈತಿ, ನಾಯಿ ತನ್ನ ಬೆಲ್ಟ ತಾನ ತಿಂತೈತಿ. ಭಾಳ ಎಣ್ಣಿ ಕುಡಸಿದ್ರ ತೊಗಲು ಜೋಲಾಗ್ತೈತಿ. ಜೂನ್‌ದಿಂದ ಸೆಪ್ಟೆಂಬರ್ ತನಕ ಧಾರವಾಡದ ಜಿಟಿಜಿಟಿ ಮಳ್ಯಾಗ ತೋಯ್ದ ಬೆಲ್ಟ ಕೊರಳಾಗ ಬಿಡಬ್ಯಾಡ್ರಿ, ತಗದು ಫ್ಯಾನಿನ ಗಾಳಿಗೆ ಇಡ್ರಿ, ಒಲಿ ಮುಂದ ಹಿಡದ್ರ ಸೆಟದು ಬಿರೀತೈತಿ. ಬೂಸ್ಟ ಹತ್ತಿದ್ರ ಒಣಾ ಬಟ್ಟಿಲೆ ಹೊರಗ ಒರಸಿ, ಎಳೆ ಬಿಸಲಿಗೆ ಇಟ್ಟು ಎಣ್ಣಿ ಹಚ್ರಿ. ಮಳಿ ಭಾಳ ಇದ್ದ ದಿನ ನಾನೂ ನೈಲಾನ್ ಬೆಲ್ಟ ಹಾಕ್ತೀನಿ, ಅದರಾಗ ನಾಚ್ಕಿ ಏನೈತಿ.

ಎತ್ತಿಗೆ ಕಟ್ಟಿದಂಗ ಗೆಜ್ಜಿ ಕಟ್ಟಬಹುದಾ?

ಬ್ಯಾಡ್ರಿ. ನಾಯಿ ಕಿವಿ ನಮಗಿಂತ ಚುರುಕು, ಇಡೀ ದಿನ ಕಿವಿ ಬುಡಕ್ಕ ಗಿಲಿಗಿಲಿ ಅಂದ್ರ ಹ್ಯಾಂಗ. ಚಂದ ಕಾಣಬೇಕಂದ್ರ ಹಿತ್ತಾಳಿ ಗುಬ್ಬಿ, ಅಂದ್ರ ಗುಂಡಿಯಂಥಾ ಮೊಳಿ, ಬಡೀರಿ.

ಸಣ್ಣ ಮರಿಗೆ?

ಈಗ ಮಾಡಬ್ಯಾಡ್ರಿ, ವಾರಕ್ಕೊಮ್ಮೆ ಕೊರಳು ಬೆಳೀತೈತಿ, ಹಗೂರ ನೈಲಾನ್ ಹಾಕಿ ವರ್ಷ ತುಂಬಿದ ಮ್ಯಾಲ ಅಳತಿ ತಗೋರಿ.

ಹಗಲು ರಾತ್ರಿ ಕಟ್ಟೇ ಇಡಬಹುದಾ?

ರಾತ್ರಿ ತಗೀರಿ. ತಗದಾಗ ಕೊರಳ ಸುತ್ತ ಬೆರಳಾಡಿಸಿ ನೋಡ್ರಿ, ಉಣ್ಣಿ ಅಡಕೊಂಡ ಕೂಡೋದು ಬೆಲ್ಟಿನ ಬುಡಕ್ಕ, ಕಿವ್ಯಾಗ. ಕೂದಲ ಉದುರಿದ್ದೋ ಕೆಂಪ ಆಗಿದ್ದೋ ಕಂಡ್ರ ನಾಕ ದಿನ ಬೆಲ್ಟ ಬ್ಯಾಡ, ದನದ ಡಾಕ್ಟ್ರಿಗೆ ತೋರಸ್ರಿ. ಅಂದಂಗ ಭಾಳ ಜಗ್ಗೋ ನಾಯಿಗೆ ಅಡ್ಡಾಡ್ಸೋವಾಗ ಎದಿ ಪಟ್ಟಿ ಹಾಕ್ರಿ, ಬೆಲ್ಟ ಹೆಸರು ನಂಬರ್ ಹಾಕಾಕ ಇರಲಿ.

ಮಾಡಿ ಮಾರಬಹುದಾ? ನನಗೊಂದು ಮಾಡಿಕೊಡ್ತೀರೇನು?

ಮಾರ್ರಿ, ಆದ್ರ ಮೊದಲಿನ ಏಳೆಂಟು ಮಾರಬ್ಯಾಡ್ರಿ. ಮಾಡಿದ ಪ್ರತಿಯೊಂದನ್ನೂ ಕಿಡಕಿ ಸರಳಿಗೆ ಬಕಲ್ ಹಾಕಿ ಕಟ್ಟಿ, ಡಿ ರಿಂಗಿಗೆ ಹಗ್ಗ ಬಿಗದು, ಮೈ ಭಾರ ಎಲ್ಲಾ ಹಾಕಿ ಹಿಂದಕ್ಕ ಜಗ್ಗ್ರಿ, ಹಿಂದ ಗಾದಿ ಹಾಸಿರ್ರಿ. ನಾ ಎರಡ ಸಲ ಕುಂಡಿ ಮ್ಯಾಲ ಬಿದ್ದೇನಿ, ಎರಡೂ ಸಲ ಸೀಳಿನ ಮೂಲಿಯಿಂದನ ಹರದಿತ್ತು.

ನಿಮಗ ಬೇಕಂದ್ರ ಮಾಡಿಕೊಡ್ತೀನಿ, ತೊಗಲು ಬಕಲಿನ ರೊಕ್ಕ ಕೊಡ್ರಿ, ಎರಡ ಐತ್ವಾರ ಬಿಟ್ಟು ಬರ್ರಿ. ನಾಯಿನ್ನ ಕರ್ಕೊಂಡ ಬರ್ರಿ ಮತ್ತ, "ಕೊರಳು ಸುಮಾರು ಹಿಂಗ ಇರಬಹುದು ನೋಡ್ರಿ" ಅಂತ ಫೋನಿನ್ಯಾಗ ಕೈ ಮಾಡಿ ತೋರ್ಸಿದ್ರ ನಾ ತಗೊಳ್ಳಂಗಿಲ್ಲ.